ಎರಡು ಓಣಿಗಳನ್ನು ತೂಗಿದ್ದು

ಪ್ರಶ್ನಾವಳಿಯ ಮೊದಲ ಪುಟದಲ್ಲೇ ನಾವು ಮುಗ್ಗರಿಸಿದೆವು. “ನಿಮ್ಮ ಕುಟುಂಬ ಈ ಊರಿಗೆ ಬಂದು ನೆಲೆಸಿದ ವರ್ಷ ಯಾವುದು?” ಎಂದು ಅದರಲ್ಲಿತ್ತು. ಬಬಲೇಶ್ವರದ ಆಚೆ ಬಸ್ಸು ಇಳಿದು, ಕರಿಮಣ್ಣಿನ ಗಾಡಿದಾರಿಯಲ್ಲಿ ನಡೆದು ಮುಟ್ಟಬೇಕಾದ ಊರು ಅದು. ಅಲ್ಲಿಯ ಬೌದ್ಧರ ಓಣಿಯಲ್ಲಿ, ಎಂದರೆ ಈಚೆಗೆ ಬೌದ್ಧ ಧರ್ಮ ಹಿಡಿದ ದಲಿತರ ಓಣಿಯಲ್ಲಿ, ಮೊದಲ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಆ ಪ್ರಶ್ನೆ ಓದಿದೆ. ಎದುರಿಗೆ ಜೋಳ ಕೇರುತ್ತಿದ್ದ ಮುದುಕಿ ಮೊರ ನಿಲ್ಲಿಸಿ ನನ್ನ ಮುಖ ನೋಡಿದರು. ಓಣಿಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

“ಎಲ್ಲಿಂದ ಬರೂದ್ರಿ ಬಾಯಾರ? ನಾವು ಎಲ್ಲಿಗೂ ಹೋಗೇ ಇಲ್ಲಲ್ಲ.”

ಸಾಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಾರ ಎನ್ನುತ್ತಾರೆ. ಕೈಯಲ್ಲಿ ಕಾಗದ ಹಿಡಿದಿದ್ದೆನಲ್ಲ, ನಾನೂ ಅವರ ಪಾಲಿಗೆ ಬಾಯಾರೇ ಆದೆ. ಉತ್ತರದ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ ಗೆರೆ ಎಳೆದೆ.

ಆ ಪ್ರಶ್ನೆ ಈ ನೆಲದ್ದಲ್ಲ, ಅಮೆರಿಕದ್ದು. ಅಲ್ಲಿಯ ಒಬ್ಬ ಸಂಶೋಧಕರು ತಮ್ಮ ದೇಶಕ್ಕೆ ಡೆನ್ಮಾರ್ಕಿನಿಂದ ಹಿಂದೆ ಬಂದು ನೆಲೆಸಿದ ಮನೆತನಗಳನ್ನೂ, ಎಲ್ ಸಾಲ್ವಡಾರ್‌ನಿಂದ ಈಚೆಗೆ ಬಂದ ಮನೆತನಗಳನ್ನೂ ಒಂದೇ ಪ್ರಶ್ನಾವಳಿ ಹಿಡಿದು ಹೋಲಿಸಿದ್ದರು. ಯಾರಿಗೆ ಭೂಮಿ ಇದೆ, ಯಾರು ಕೂಲಿ ಮಾಡುತ್ತಾರೆ, ಮನೆಗೆ ಎಷ್ಟು ಕೋಣೆ, ಮಕ್ಕಳ ಓದು ಎಲ್ಲಿಯವರೆಗೆ, ಹೀಗೆ. ನಮ್ಮ ಪ್ರೊಫೆಸರರಿಗೂ ಅವರಿಗೂ ಹಳೆಯ ಪರಿಚಯ. ಅದೇ ಪ್ರಶ್ನಾವಳಿಯಿಂದ ವಿಜಾಪುರ ಸೀಮೆಯ ಎರಡು ಸಮುದಾಯಗಳನ್ನು ಅಳೆದು, ನಾಲ್ಕನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ನಿಲ್ಲಿಸಬೇಕೆಂಬುದು ಪ್ರೊಫೆಸರರ ಆಸೆ. ಸಿದ್ಧೇಶ್ವರ ಗುಡಿಯ ಹಿಂದೆ ಒಂದು ಹಳೆಯ ಮನೆಯ ಮಾಳಿಗೆಯನ್ನು ಬಾಡಿಗೆ ಹಿಡಿದು ಸಮೀಕ್ಷೆಯ ಕಚೇರಿ ಮಾಡಿದ್ದರು. ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದು, ಮನೆಮನೆಗೆ ಹೋಗಿ ಕೇಳುವುದು, ಬಂದ ಉತ್ತರಗಳನ್ನು ಒಟ್ಟುಗೂಡಿಸುವುದು ನನ್ನ ಕೆಲಸ. ಎಪ್ಪತ್ತರ ದಶಕದ ನಡುವಿನ ಮಾತು. ಹಳ್ಳಿ ಸುತ್ತುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದು ಆಗ ಅಪರೂಪ. ಹೆಂಗಸರನ್ನು ಮಾತಾಡಿಸಲು ಒಬ್ಬಳು ಬೇಕಾಗಿದ್ದರಿಂದ ನನಗೆ ಆ ಕೆಲಸ ಸಿಕ್ಕಿತ್ತು.

ಬರೀ ಪಾಂಡಿತ್ಯದ ವಿಷಯವಾಗಿದ್ದರೆ ಯಾವ ಓಣಿ ಯಾವ ಸಾಲಿನಲ್ಲಿ ಕುಳಿತರೂ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಆ ವರ್ಷ ಭೂಮಿಯಿಲ್ಲದ ಬಡವರಿಗೆ ಮನೆ ಕಟ್ಟಿಕೊಳ್ಳಲು ಸರ್ಕಾರದಿಂದ ಜಾಗ ಬರುವುದಿತ್ತು. ಆ ಊರಿಗೆ ಒಂದು ಓಣಿಗೆ ಸಾಲುವಷ್ಟು ಮಾತ್ರ ಜಾಗ. ತಾಲೂಕು ಕಚೇರಿಯ ಸಾಹೇಬರು ಪ್ರೊಫೆಸರರಿಗೆ ಹೇಳಿ ಕಳಿಸಿದ್ದರು, ಹೇಗೂ ನೀವು ಮನೆಮನೆ ಕೇಳುತ್ತೀರಿ, ಕುರುಬರ ಓಣಿಯೋ ಬೌದ್ಧರ ಓಣಿಯೋ, ಯಾವುದು ಹೆಚ್ಚು ಹಿಂದುಳಿದದ್ದು ಎಂದು ನಮಗೂ ಒಂದು ಟಿಪ್ಪಣಿ ಕೊಡಿ ಎಂದು. ಪ್ರೊಫೆಸರರಿಗೆ ಅದು ಹೆಮ್ಮೆಯ ವಿಷಯವಾಗಿತ್ತು. ತಮ್ಮ ವಿದ್ಯೆ ಜನರ ಉಪಯೋಗಕ್ಕೆ ಬರುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು.

ದಸರೆ ಮುಗಿದ ಮೇಲೆ ಕೆಲಸ ಹಿಡಿದೆವು. ಹಿಡಿದ ಮೇಲೆ ಒಂದೊಂದೇ ತೊಡಕು. “ಮನೆಯಲ್ಲಿ ಎಷ್ಟು ಕೋಣೆ?” ಬೌದ್ಧರ ಓಣಿ ಹಳ್ಳದ ತಗ್ಗಿನಲ್ಲಿತ್ತು. ಮಳೆ ಜೋರಾದರೆ ನೀರು ಒಲೆಯವರೆಗೆ ಬರುತ್ತಿತ್ತು. ಹೊಸ ಮನೆಗೆ ಜಾಗವಿಲ್ಲದೆ ಅಣ್ಣ ತಮ್ಮಂದಿರ ಸಂಸಾರಗಳು ಒಂದೇ ಮಾಡಿನ ಕೆಳಗೆ, ನಡುವೆ ಹಳೆಯ ಸೀರೆ ಕಟ್ಟಿಕೊಂಡು ಇದ್ದವು. ಸೀರೆಯಿಂದ ಸೀರೆಗೆ ಒಂದು ಕೋಣೆ ಎಂದು ಹಿಡಿಯಬೇಕೋ ಬೇಡವೋ? ಪ್ರೊಫೆಸರರು ಹಿಡಿಯಿರಿ ಎಂದರು. ಓಣಿಯ ಮನೆಗಳಿಗೆ ಒಮ್ಮೆಲೇ ಕೋಣೆಗಳು ಹೆಚ್ಚಿದವು.

ಕುರುಬರ ಓಣಿಯ ತೊಡಕು ಬೇರೆ. ಗಂಡಸರು ಕುರಿ ಹೊಡೆದುಕೊಂಡು ಡೋಣಿ ಹೊಳೆಯ ದಂಡೆಗುಂಟ ಹೋಗಿದ್ದರು. ಹೆಂಗಸರನ್ನು ಕುರಿ ಎಷ್ಟು ಎಂದು ಕೇಳಿದರೆ ಬಾಯಿ ಮುಚ್ಚುತ್ತಿದ್ದರು. ಜೀವ ಇರುವುದನ್ನು ಎಣಿಸಬಾರದು, ಎಣಿಸಿದರೆ ಕಡಿಮೆಯಾಗುತ್ತದೆ ಎಂಬ ನಂಬಿಕೆ ಅವರದು. ಎಣಿಸಿದ ಮೇಲೆ ಯಾರೋ ಕರ ಕೇಳಲು ಬರುತ್ತಾರೆಂಬ ಭಯವೂ ಇತ್ತು. ಮನೆಯ ಮುಂದೆ ಕಟ್ಟಿದ ದನವನ್ನು ಮಾತ್ರ ಬರೆಯಬೇಕು ಎಂದು ಪ್ರಶ್ನಾವಳಿಯ ಸೂಚನೆ. ಹೀಗಾಗಿ ಊರಿಗೆಲ್ಲ ಕಂಬಳಿ ಹೊದಿಸುವ ಓಣಿಯಲ್ಲಿ ಒಂದು ಕುರಿಯೂ ಇಲ್ಲದಂತಾಯಿತು.

ಕುರುಬರ ಯಜಮಾನರು ಒಮ್ಮೆ ಹಟ್ಟಿಯಿಂದ ಊರಿಗೆ ಬಂದಾಗ ನನ್ನನ್ನು ತಡೆದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ತಗ್ಗಿದ ಧ್ವನಿ.

“ಎರಡೂ ಓಣಿ ತೂಗಾಕತ್ತೀರಂತ ಕೇಳಿದೆ. ಯಾರ ತಕ್ಕಡಿ ಮ್ಯಾಲ ಹೋದ್ರ ಅವರಿಗಿ ಜಾಗಾ ಅಂತ. ನಮಗೂ ಅವರಿಗೂ ಜಗಳ ಹಚ್ಚಾಕ ಬಂದೀರೇನ್ರಿ ತಂಗಿ?”

“ಇಲ್ರಿ ಅಣ್ಣಾರ. ಯಾರಿಗೆ ಹೆಚ್ಚು ಅಡಚಣಿ ಐತಿ ನೋಡೂದಷ್ಟ.”

“ಅಡಚಣಿ ನೋಡಾಕ ಇಷ್ಟ ಕಾಗದ ಬೇಕಾತೇನು? ಅವರ ಓಣ್ಯಾಗ ಒಂದ ಸಲ ಮಳಿಗಾಲದಾಗ ನಿಂತ್ರ ಸಾಕಾಗಿತ್ತು.”

ಅವರು ಹಾಗೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಜಾಗ ಬೇಡ ಎನ್ನುವಷ್ಟು ಅನುಕೂಲ ಅವರಿಗೂ ಇರಲಿಲ್ಲ. ಆದರೂ ಹೇಳಿದರು.

ಭೂಮಿಯ ಪ್ರಶ್ನೆ ಬಂದಾಗ ಮಾತ್ರ ಬೌದ್ಧರ ಓಣಿಯ ಎಲ್ಲ ಮನೆಗಳಲ್ಲೂ ಒಂದೇ ಬಗೆಯ ಉತ್ತರ. “ಸ್ವಂತ ಭೂಮಿ ಇದೆಯೇ?” “ಐತ್ರಿ.” ಐತಿ ಎಂದವರು ಪಕ್ಕದವರ ಮುಖ ನೋಡಿ ಒಂದು ನಗೆ ನಗುತ್ತಿದ್ದರು. ಆ ನಗೆಗೆ ಪ್ರಶ್ನಾವಳಿಯಲ್ಲಿ ಜಾಗವಿರಲಿಲ್ಲ. ‘ಇದೆ’ ಎಂಬಲ್ಲಿ ಗುರುತು ಹಾಕುತ್ತ ಹೋದೆ. ಕುರುಬರ ಓಣಿಯಲ್ಲಿ ಬಹಳ ಮಂದಿಗೆ ಭೂಮಿ ಇರಲಿಲ್ಲ. ಅಲ್ಲಿ ‘ಇಲ್ಲ’ ಎಂದು ಗುರುತು.

ಒಂದು ಮಧ್ಯಾಹ್ನ ಆಯಿಯ ಮನೆಯಲ್ಲಿ ಕುಳಿತಿದ್ದಾಗ, ಆ ನಗೆ ಯಾತಕ್ಕೆ ಎಂದು ಕೇಳಿಯೇ ಬಿಟ್ಟೆ. ಆಯಿ ಸೆರಗು ತಲೆಯ ಮೇಲೆಳೆದುಕೊಂಡು ಎದ್ದರು.

“ಬರ್ರಿ, ನಮ್ಮ ಹೊಲಾ ನೋಡೀರಂತ.”

ಊರು ದಾಟಿ ಹಳ್ಳದ ಆ ಬದಿಗೆ ನಡೆದೆವು. ಅಂಥ ಮಣ್ಣನ್ನು ನಾನು ಹತ್ತಿರದಿಂದ ನೋಡಿದ್ದು ಕಡಿಮೆ. ಬೆಣ್ಣೆಯಂಥ ಕರಿ ಎರೆ, ಬಿಳಿಜೋಳ ಮೊಣಕಾಲೆತ್ತರಕ್ಕೆ ಬಂದು ತೂಗುತ್ತಿತ್ತು, ನಡುನಡುವೆ ಕುಸುಬೆಯ ಸಾಲು. ನಾನು ಬದು ದಾಟಿ ಒಳಗೆ ಕಾಲಿಟ್ಟೆ. ಆಯಿ ಬದುವಿನ ಈಚೆಗೇ ನಿಂತರು.

“ಒಳಗ ಬರೂದಿಲ್ಲೇನ್ರಿ ಆಯಿ?”

“ನಾಳಿ ಬರ್ತೇನ್ರಿ, ಕಸಾ ತಗ್ಯಾಕ. ಇವತ್ತ ಕೂಲಿ ಇಲ್ಲ. ಕೂಲಿ ಇಲ್ದ ಕಾಲಿಟ್ರ ಗೌಡರ ಆಳು ಬೈತಾನ.”

ನಾನು ಹಿಂದಕ್ಕೆ ಬಂದೆ. ಬದುವಿನ ಮೇಲೆ ಕುಳಿತು ಆಯಿ ಹೇಳಿದರು. ಅವರ ಹಿರಿಯರು ತಲೆತಲಾಂತರದಿಂದ ಊರ ಚಾವಡಿಯ ಚಾಕರಿ ಮಾಡುತ್ತಿದ್ದರು. ಡಂಗುರ ಸಾರುವುದು, ಓಲೆ ಒಯ್ಯುವುದು, ಸಾಹೇಬರು ಬಂದರೆ ಮುಂದೆ ಓಡುವುದು. ಆ ಚಾಕರಿಗೆಂದು ಬಿಟ್ಟ ವತನದ ಹೊಲ ಇದು. ಸರ್ಕಾರ ಚಾಕರಿಯ ಪದ್ಧತಿಯನ್ನೇ ತೆಗೆದುಹಾಕಿ, ಇಷ್ಟು ಹಣ ತುಂಬಿದರೆ ಹೊಲ ನಿಮ್ಮ ಹೆಸರಿಗೇ ಎಂದಿತು. ಓಣಿಯವರ ಕೈಯಲ್ಲಿ ಹಣವಿರಲಿಲ್ಲ. ಊರ ಗೌಡರು ಎಲ್ಲರ ಪರವಾಗಿ ತುಂಬಿದರು. ಹೊಲ ಓಣಿಯವರ ಹೆಸರಿಗಾಯಿತು. ಬಿತ್ತನೆ ಗೌಡರದಾಯಿತು.

“ಹೆಸರು ನಮ್ಮದು, ಸುಗ್ಗಿ ಅವರದು,” ಎಂದರು ಆಯಿ. “ನನ್ನ ಹೊಲದಾಗ ನಾನ ಕೂಲಿ ಮಾಡ್ತೇನಿ. ನಿಮ್ಮ ಕಾಗದದಾಗ ಅದನ್ನ ಯಾವ ಮನ್ಯಾಗ ಬರೀತೀರಿ ಬರ್ಕೋರಿ.”

ಅವರ ಧ್ವನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಹಳ ವರ್ಷ ಹೇಳಿ ಹೇಳಿ ನುಣ್ಣಗಾದ ಮಾತು ಅದು. ಎದ್ದು ಹೊರಡುವಾಗ ಬದುವಿನ ಆಚೆ ಬಾಗಿದ್ದ ಒಂದು ಜೋಳದ ಗಿಡವನ್ನು ಕೈಚಾಚಿ ನೆಟ್ಟಗೆ ಮಾಡಿದರು.

ವಿಜಾಪುರಕ್ಕೆ ಬಂದವಳೇ ಪ್ರೊಫೆಸರರಿಗೆ ಹೇಳಿದೆ. ಪ್ರಶ್ನಾವಳಿಗೆ ಒಂದೇ ಪ್ರಶ್ನೆ ಕೂಡಿಸೋಣ, ಈ ಹೊಲವನ್ನು ಉಳುವವರು ಯಾರು, ಬೆಳೆ ಯಾರ ಮನೆಗೆ ಹೋಗುತ್ತದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ನೋಡ್ರಿ, ಅಮೆರಿಕದಾಗ ಕೇಳದ ಪ್ರಶ್ನೆ ಇಲ್ಲಿ ಕೇಳಿದರ ಹೋಲಿಕೀನ ಕೆಡತದ. ಅಳತಿಗೋಲು ಒಂದ ಇರಬೇಕು.”

“ಅಳತಿಗೋಲ ತಪ್ಪಿದ್ದರ, ಸರ್?”

“ಅದನ್ನ ನಿರ್ಣಯ ಮಾಡೂದು ನಿಮ್ಮ ಕೆಲಸ ಅಲ್ಲ.”

ದೀಪಾವಳಿಯ ನಂತರ ಆ ಅಮೆರಿಕದ ಸಂಶೋಧಕರೇ ಎರಡು ದಿನದ ಮಟ್ಟಿಗೆ ವಿಜಾಪುರಕ್ಕೆ ಬಂದರು. ಎತ್ತರದ, ಬಿಸಿಲಿಗೆ ಕೆಂಪಾದ, ಮೃದು ಮಾತಿನ ಮನುಷ್ಯ. ನೆಲದ ಮೇಲೆ ಕುಳಿತು ನಮ್ಮೊಡನೆ ರೊಟ್ಟಿ ತಿಂದರು, ಶೇಂಗಾ ಹಿಂಡಿಯ ಚಟ್ನಿ ಖಾರವಾಗಿ ಕಣ್ಣಲ್ಲಿ ನೀರು ತಂದುಕೊಂಡರು. ಚಹಾ ಕುಡಿಯುವಾಗ ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ, ಆ ಡೆನ್ಮಾರ್ಕಿನವರಿಗೆ ಅಲ್ಲಿ ಭೂಮಿ ಎಲ್ಲಿಂದ ಬಂತು ಎಂದು.

“ಬಂದವರಿಗೆ ಸರ್ಕಾರ ಭೂಮಿ ಹಂಚುತ್ತಿದ್ದ ಕಾಲ ಅದು. ನನ್ನ ಅಜ್ಜನೂ ಡೆನ್ಮಾರ್ಕಿನವನೇ. ಅವನಿಗೂ ಹಾಗೇ ಸಿಕ್ಕಿತು,” ಎಂದರು.

“ಎಲ್ ಸಾಲ್ವಡಾರ್‌ನವರಿಗೆ?”

“ಅವರು ಬರುವ ಹೊತ್ತಿಗೆ ಹಂಚುವುದು ಮುಗಿದಿತ್ತು. ಅವರು ಪಟ್ಟಣಗಳಲ್ಲಿ ಪಾತ್ರೆ ತೊಳೆಯುತ್ತಾರೆ, ಕಚೇರಿಗಳನ್ನು ಗುಡಿಸುತ್ತಾರೆ.”

“ಇದು ನಿಮ್ಮ ಕೋಷ್ಟಕದಲ್ಲಿ ಇದೆಯೇ?”

ಅವರು ಚಹಾದ ಬಸಿ ಕೆಳಗಿಟ್ಟರು. “ಇಲ್ಲ. ಭೂಮಿ ಇದೆಯೋ ಇಲ್ಲವೋ ಎಂಬುದಷ್ಟೇ ಇದೆ. ಹೇಗೆ ಬಂತು ಎಂದು ಕೇಳಬೇಕಾಗಿತ್ತು. ನೀವು ಇಲ್ಲಿ ಕೇಳಿ.”

ಪ್ರೊಫೆಸರರು ನಕ್ಕು, ಇಬ್ರಾಹಿಂ ರೋಜಾ ನೋಡಲು ಹೊತ್ತಾಗುತ್ತದೆ ಎಂದು ಅವರನ್ನು ಎಬ್ಬಿಸಿದರು. ಮರುದಿನ ಆ ಸಂಶೋಧಕರು ಮುಂಬಯಿಗೆ ಹೋದರು. ಮತ್ತೆ ಆ ಮಾತು ಎತ್ತಿದರೆ ಪ್ರೊಫೆಸರರು ಕೇಳಿಸದವರಂತೆ ಇರುತ್ತಿದ್ದರು.

ಆಗ ನಾನು ಒಂದು ನಿರ್ಧಾರಕ್ಕೆ ಬಂದೆ. ರಜೆ ಹಾಕಿ, ಸ್ವಂತ ಖರ್ಚಿನಿಂದ ಆ ಊರಿಗೆ ಹೋದೆ. ಎರಡೂ ಓಣಿಗಳನ್ನು ಮೊದಲಿನಿಂದ ಹಿಡಿದೆ. ಬೌದ್ಧರ ಓಣಿಯಲ್ಲಿ ಪ್ರತಿ ಮನೆಗೂ ಆ ಒಂದೇ ಪ್ರಶ್ನೆ: ಉಳುವವರು ಯಾರು, ಬೆಳೆ ಎಲ್ಲಿಗೆ? ಮೊದಲು ಯಾರೂ ಬಾಯಿ ಬಿಡಲಿಲ್ಲ. ಬಾಗಿಲಿಗೆ ಬಂದವರು ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡುತ್ತಿದ್ದರು. ಆಯಿ ನನ್ನ ಜೊತೆ ಬಂದು, “ಹೇಳ್ರವಾ, ಖರೇ ಹೇಳಾಕ ಏನೈತಿ,” ಎಂದ ಮೇಲೆ ಹೇಳಿದರು. ಕೆಲವು ಮನೆಗಳಲ್ಲಿ ನೌಕರಿ ಇತ್ತು, ಒಬ್ಬರು ಸೊಲ್ಲಾಪುರದಲ್ಲಿ ರೈಲ್ವೆಯವರು, ಒಬ್ಬರು ಸಾಲಿಯ ಮಾಸ್ತರರು. ಆ ಮನೆಗಳನ್ನು ಬೇರೆಯಾಗಿಯೇ ಬರೆದೆ. ಅವರ ಪಗಾರ ಇಡೀ ಓಣಿಯ ಪಗಾರವಾಗಿ ಕಾಣಬಾರದು. ಕುರುಬರ ಓಣಿಯಲ್ಲಿ ಎಣಿಕೆ ಕೇಳುವುದನ್ನು ಬಿಟ್ಟು, ವರ್ಷಕ್ಕೆ ಎಷ್ಟು ಕಂಬಳಿಯ ಉಣ್ಣೆ ಬರುತ್ತದೆ ಎಂದು ಕೇಳಿದೆ. ಅದನ್ನು ಹೇಳಲು ಅವರಿಗೆ ಅಡ್ಡಿಯಿರಲಿಲ್ಲ. ಅವರೂ ಬಡವರೇ. ಆದರೆ ಅವರ ಬಡತನದ ಬಗೆ ಬೇರೆ, ತಗ್ಗಿನಲ್ಲಿ ನೀರು ನುಗ್ಗುವ ಮನೆಗಳ ಬಗೆ ಬೇರೆ.

ಕೋಷ್ಟಕಗಳನ್ನು ಹೊಸದಾಗಿ ಬರೆದು ಪ್ರೊಫೆಸರರ ಮೇಜಿನ ಮೇಲಿಟ್ಟೆ. ಅಪ್ಪಣೆ ಇಲ್ಲದೆ ಮಾಡಿದ್ದೇನೆ, ಕೆಲಸದಿಂದ ತೆಗೆದರೂ ಚಿಂತೆಯಿಲ್ಲ, ಟಿಪ್ಪಣಿ ಹೋಗುವ ಮುಂಚೆ ಇದನ್ನು ಓದಬೇಕು ಎಂದೆ. ಅವರು ಬೈಯಲಿಲ್ಲ. ಕುಳಿತು ಮೊದಲಿನಿಂದ ಕೊನೆಯವರೆಗೂ ಓದಿದರು. ಅವರ ಮುಖ ಗಂಭೀರವಾಯಿತು. ಗೆದ್ದೆ ಎಂದುಕೊಂಡೆ.

“ಇದು ದೊಡ್ಡ ಮಾತು,” ಎಂದರು. “ಒಂದ ಕಡೆಯವರ ಮಾತು ಕೇಳಿ ಬರದರ ಹ್ಯಾಂಗ? ಖಾತ್ರಿ ಮಾಡ್ಕೋಬೇಕು.”

“ಹೊಲಕ್ಕ ಹೋದರ ಸಾಕ್ರಿ ಸರ್. ಯಾರ ಎತ್ತು ಅದಾವ ನೋಡಬಹುದು.”

“ನಾ ನೋಡ್ಕೋತೇನಿ.”

ಅವರು ಹೇಗೆ ನೋಡಿಕೊಂಡರು ಎಂಬುದು ನನಗೆ ಆಮೇಲೆ ಆ ಊರಿನವರಿಂದಲೇ ಗೊತ್ತಾಯಿತು. ಸಂಕ್ರಾಂತಿಯ ಮುಂಚೆ ಒಂದು ದಿನ ಜೀಪಿನಲ್ಲಿ ಹೋಗಿ, ನೇರವಾಗಿ ಗೌಡರ ವಾಡೆಗೆ ಇಳಿದರು. ಗೌಡರು ಜೋಳದ ಎಳೆ ತೆನೆಯ ಸೀತನಿ ಸುಡಿಸಿ, ಬೆಲ್ಲ ಕೊಬ್ಬರಿ ಇಟ್ಟು ಉಪಚಾರ ಮಾಡಿದರು. ಉಂಡು, ಅಡಿಕೆ ಹಾಕಿಕೊಂಡ ಮೇಲೆ ಪ್ರೊಫೆಸರರು ನನ್ನ ಹಾಳೆಗಳನ್ನು ತೆಗೆದು, ಇಂಥ ಮನೆಯವರು ಹೀಗೆ ಹೇಳುತ್ತಾರೆ, ಇಂಥವರು ಹೀಗೆ ಹೇಳುತ್ತಾರೆ, ಇದು ನಿಜವೇ ಎಂದು ಒಬ್ಬೊಬ್ಬರ ಹೆಸರನ್ನೂ ಓದಿ ಕೇಳಿದರು. ಆಯಿಯ ಹೆಸರು ಎಲ್ಲಕ್ಕೂ ಮೊದಲು ಇತ್ತು. ಗೌಡರು ನಕ್ಕರಂತೆ. “ಹೊಲಾ ಅವರ ಹೆಸರಿಲೇನ ಅದಾವಲ್ರಿ. ನಾವು ಊರಾಗ ಹಿರೇರಂತ ನೋಡ್ಕೋತೇವಷ್ಟ,” ಎಂದರಂತೆ. ಪ್ರೊಫೆಸರರಿಗೆ ಅಷ್ಟು ಸಾಕಾಯಿತು. ಓಣಿಗೆ ಕಾಲಿಡದೆ ತಿರುಗಿ ಬಂದರು.

ಟಿಪ್ಪಣಿ ತಾಲೂಕು ಕಚೇರಿಗೆ ಹೋಯಿತು. ಬೆರಳಚ್ಚಾಗುವಾಗ ನಾನದನ್ನು ನೋಡಿದೆ. ಪ್ರೊಫೆಸರರ ಆಸೆಯಂತೆ ನಾಲ್ಕು ಸಮುದಾಯಗಳೂ ಅಕ್ಕಪಕ್ಕ ನಿಂತಿದ್ದವು. ‘ಭೂಮಿಯುಳ್ಳವರು’ ಎಂಬ ತಲೆಬರಹದ ಕೆಳಗೆ ಅಮೆರಿಕದ ಡೇನಿಶ್ ಮನೆತನಗಳು, ಅವುಗಳ ಪಕ್ಕದಲ್ಲೇ ನಮ್ಮ ಬೌದ್ಧರ ಓಣಿ. ‘ಭೂಮಿಯಿಲ್ಲದವರು’ ಎಂಬುದರ ಕೆಳಗೆ ಎಲ್ ಸಾಲ್ವಡಾರ್‌ನವರು, ಅವರ ಪಕ್ಕ ಕುರುಬರ ಓಣಿ. ಕೆಳಗೆ ಒಂದು ಸಾಲು: ಭೂಮಿಯ ವಿವರಗಳನ್ನು ಗ್ರಾಮದ ಪ್ರಮುಖರಿಂದ ಖಾತ್ರಿಪಡಿಸಿಕೊಳ್ಳಲಾಗಿದೆ.

ಬದುವಿನ ಈಚೆ ನಿಂತ ಮುದುಕಿಯನ್ನು ಎತ್ತಿ, ಸಮುದ್ರದ ಆಚೆ ಪುಕ್ಕಟೆ ಭೂಮಿ ಸಿಕ್ಕಿದವರ ಸಾಲಿನಲ್ಲಿ ಕೂರಿಸಿದ್ದರು.

ಮನೆ ಜಾಗಗಳು ಕುರುಬರ ಓಣಿಗೆ ಹೋದವು, ಊರ ಮೇಲಿನ ಕಲ್ಲು ಗುಡ್ಡದ ಇಳಿಜಾರಿನಲ್ಲಿ. ಸುದ್ದಿ ಕೇಳಿ ನಾನು ಊರಿಗೆ ಹೋದಾಗ ಯಜಮಾನರು ಬಸ್ಸಿನ ದಾರಿಯಲ್ಲೇ ಸಿಕ್ಕರು.

“ಬ್ಯಾಡ ಅಂದಿಲ್ರಿ ನಾವು. ಕೊಟ್ರ ಯಾರ ಬಿಡ್ತಾರ? ಆದ್ರ ತಂಗಿ, ನೀರಿನ ದಾರ್ಯಾಗ ಅವರು ಎದರ ಬಂದ್ರ ನಾನ ಮಾರಿ ತಿರುವಬೇಕಾಗೇತಿ.”

ಅವರಿಂದಲೇ ಉಳಿದದ್ದೂ ತಿಳಿಯಿತು. ಜೋಳ ಕೀಳುವ ಸುಗ್ಗಿ ಶುರುವಾಗಿತ್ತು. ಗೌಡರು ಆ ಸಲ ಬೇರೆ ಊರುಗಳಿಂದ ಆಳು ತರಿಸಿದರು. ಬೌದ್ಧರ ಓಣಿಯ ಒಬ್ಬರನ್ನೂ ಕರೆಯಲಿಲ್ಲ. ಬೈಗುಳವಿಲ್ಲ, ಬಡಿದಾಟವಿಲ್ಲ, ಸುಮ್ಮನೆ ಕರೆಯಲಿಲ್ಲ. ಗೌಡರ ಕಣ್ಣಿಗೆ ಬೀಳಬಾರದೆಂದು ಉಳಿದ ರೈತರೂ ಕರೆಯಲಿಲ್ಲ. ವರ್ಷದ ಕಾಳು ಆ ಕೂಲಿಯಿಂದಲೇ ಬರಬೇಕಿತ್ತು. ನಾನು ಓಣಿಗೆ ಹೋದೆ. ಹೆಂಗಸರು ಕಟ್ಟೆಗಳ ಮೇಲೆ ಸುಮ್ಮನೆ ಕುಳಿತಿದ್ದರು. ಸುಗ್ಗಿಯ ಕಾಲದಲ್ಲಿ ಆ ಹೊತ್ತಿಗೆ ಯಾರೂ ಮನೆಯಲ್ಲಿ ಇರುವುದಿಲ್ಲ. ಯಾರೂ ನನ್ನನ್ನು ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಆಯಿಯ ಮನೆಗೆ ಬೀಗವಿತ್ತು, ಕೂಲಿ ಹುಡುಕಿ ಹೋಗಿದ್ದರಂತೆ.

ನನ್ನನ್ನು ಕೆಲಸದಿಂದ ತೆಗೆದಿರಲಿಲ್ಲ. ಪ್ರೊಫೆಸರರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. ಶ್ರದ್ಧೆಯ ಹುಡುಗಿ, ಅನುಭವ ಸಾಲದು ಎಂದು ಬೇರೆಯವರೆದುರು ಹೇಳುತ್ತಿದ್ದರು. ಸಮೀಕ್ಷೆಯ ಎರಡನೆಯ ಊರಾಗಿ ಟಿಕೋಟಾ ನಿಗದಿಯಾಗಿತ್ತು. ಅಲ್ಲಿಯೂ ಎರಡು ಓಣಿ, ಅದೇ ಪ್ರಶ್ನಾವಳಿ. ನಾನು ಹೋದೆ. ಅಲ್ಲಿಯಾದರೂ ಹೆಸರಿನ ಹೊಲ, ಉಳುವ ಹೊಲ ಬೇರೆ ಬೇರೆಯಾಗಿ ಬರೆಯಬಹುದೆಂಬ ಒಂದು ಆಸೆ ಇನ್ನೂ ಉಳಿದಿತ್ತು.

ಟಿಕೋಟಾದ ಬಸ್ ನಿಲ್ದಾಣದ ಎದುರು ಒಂದು ಲಾರಿ ನಿಂತಿತ್ತು. ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೋಗುವ ಜನ ತುಂಬಿತ್ತು, ಗಂಟು ಮೂಟೆ, ಕೊಡ, ಮಡಿಲಲ್ಲಿ ಕೂಸು. ಡ್ರೈವರ ಚಹಾಕ್ಕೆ ಇಳಿದಿದ್ದ. ಹಿಂದಿನ ಹಲಗೆಗೆ ಒರಗಿ ಕುಳಿತ ಮುದುಕಿ ನನ್ನನ್ನೇ ನೋಡುತ್ತಿದ್ದರು. ಹತ್ತಿರ ಹೋಗುವವರೆಗೂ ಆಯಿ ಎಂದು ನನಗೆ ಗುರುತು ಸಿಗಲಿಲ್ಲ. ಮುಖ ಅಷ್ಟು ಇಳಿದಿತ್ತು.

“ಈ ವಯಸ್ಸಿನಾಗ ಕಬ್ಬಿನ ಹೊಲಕ್ಕ ಹೊಂಟೀರೇನ್ರಿ ಆಯಿ?”

“ನಾ ಎಲ್ಲಿ ಕಡಿಯಾಕ ಹೋಗ್ಲಿ. ಮಗಾ ಸೊಸಿ ಕಡೀತಾರ, ನಾ ಕೂಸಿನ ನೋಡ್ತೇನಿ. ಮನ್ಯಾಗ ಒಬ್ಬಾಕಿ ಕುಂತ ಏನ ತಿನ್ನೂದು?”

ಲಾರಿಯ ಹಲಗೆ ಹಿಡಿದು ನಿಂತೆ. ಪ್ರೊಫೆಸರರು ಹೆಸರು ಓದುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದೆ. ಆಯಿ ತಲೆಯಾಡಿಸಿದರು.

“ನಿಮಗ ಗೊತ್ತಿರಲಿಲ್ಲ ಅಂತ ಗೊತ್ತ ಐತ್ರಿ. ಅದರಿಂದ ನಮಗೇನ ಆತು?” ನನ್ನ ಕೈಯಲ್ಲಿದ್ದ ಕಾಗದಗಳ ಕಡೆ ನೋಡಿದರು. “ಇಲ್ಲೂ ಕೇಳಾಕ ಬಂದೀರೇನು?”

“ಹೌದ್ರಿ.”

“ಕೇಳ್ರಿ. ಕೇಳೂದು ತಪ್ಪಲ್ಲ. ಆದ್ರ ಅವರ ಹೆಸರ ಮಾತ್ರ ಬರ್ಕೋಬ್ಯಾಡ್ರಿ.”

ಡ್ರೈವರ ಬಂದ. ಲಾರಿ ಅಥಣಿಯ ದಾರಿ ಹಿಡಿಯಿತು. ಆಯಿ ಕೂಸಿನ ತಲೆಗೆ ಬಿಸಿಲು ಬೀಳದಂತೆ ಸೆರಗು ಹಿಡಿದುಕೊಂಡಿದ್ದರು, ತಿರುಗಿ ನೋಡಲಿಲ್ಲ.

ನಾನು ಟಿಕೋಟಾದ ಯಾವ ಮನೆಗೂ ಹೋಗಲಿಲ್ಲ. ಮುಂದಿನ ಬಸ್ಸಿಗೆ ವಿಜಾಪುರಕ್ಕೆ ಬಂದು, ಖಾಲಿ ಪ್ರಶ್ನಾವಳಿಗಳ ಕಟ್ಟನ್ನು ಪ್ರೊಫೆಸರರ ಮೇಜಿನ ಮೇಲಿಟ್ಟು, ನಾಳೆಯಿಂದ ಬರುವುದಿಲ್ಲ ಎಂದೆ. ಅವರು ನಿಜವಾಗಿ ಬೇಜಾರು ಮಾಡಿಕೊಂಡರು. ಯಾಕೆ, ಟಿಕೋಟಾದಲ್ಲಿ ಯಾರಾದರೂ ಏನಾದರೂ ಅಂದರೇ, ಯಾರು, ಯಾವ ಓಣಿಯವರು ಎಂದು ಕೇಳಿದರು.

ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಖಾತ್ರಿ ಮಾಡಿಕೊಳ್ಳಲು ಹೋಗುತ್ತಿದ್ದರು.